ಪ್ಲಾಸ್ಟಿಕ್ಕಿನೊಳಗಿನ ಸರ್ಟಿಫಿಕೇಟು

ಟೈಲ್ಸ್ ಹಾಕುವವನಿಗೆ ತನ್ನ ಕೈಚಳಕದ ಮೇಲೆ ಬಲು ನಂಬಿಕೆ. ಒಮ್ಮೆ ಕೂರಿಸಿದ ಟೈಲನ್ನು ಚೂರೂ ಮುಕ್ಕಾಗದಂತೆ ಕಿತ್ತು ಕೊಡುವವನು ಇಡೀ ಸೈಟಿನಲ್ಲಿ ಅವನೊಬ್ಬನೇ. ಆ ನಂಬಿಕೆಯೇ ಮುಳುವಾಯಿತು ನೋಡಿ.

ಅವನಿಗೆ ಹತ್ತು ವರ್ಷದ ಮಗಳು, ಅವಳ ನಂತರ ಇನ್ನೂ ನಡೆಯಲು ಬಾರದ ಪುಟ್ಟ ಮಗ. ಮಗಳ ಮಾತು ಅರಳು ಹುರಿದ ಹಾಗೆ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗಿಣಿ. ಕಟ್ಟಡ ಮುಗಿದಂತೆಲ್ಲ ಊರು ಬದಲು, ಶಾಲೆಯೂ ಬದಲು. ಒಮ್ಮೆ ಅವರಿದ್ದ ಶೆಡ್ಡು ಸೋರಿ ಸರ್ಟಿಫಿಕೇಟು ಮುದ್ದೆಯಾಗಿ, ಪಾಪ, ಮೂರನೇ ಕ್ಲಾಸನ್ನು ಎರಡು ಸಲ ಓದಿದ್ದಳು. ಹಾಗಾಗಿ ಈ ಸಲ ನಾಲ್ಕನೆಯದರ ಸರ್ಟಿಫಿಕೇಟು ಕೈಗೆ ಬಂದದ್ದೇ ತಡ, ಅಪ್ಪ ಓಡಿಹೋಗಿ ಲ್ಯಾಮಿನೇಷನ್ ಮಾಡಿಸಿದ್ದ. "ಇನ್ನು ನೀರಲ್ಲಿ ಮುಳುಗಿಸಿದ್ರೂ ಏನೂ ಆಗಲ್ಲ ಕಣೆ" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ್ದ.

ಹೊಸ ಶಾಲೆಯ ಗುಮಾಸ್ತರು ಅದನ್ನು ಉಗುರಿನಿಂದ ತಟ್ಟಿ ನೋಡಿದರು.

"ಯಾರ್ರೀ ಇದಕ್ಕೆ ಪ್ಲಾಸ್ಟಿಕ್ ಹಾಕ್ಸಿದ್ದು? ಹಿಂದುಗಡೆ ನಮ್ಮ ಸೀಲು, ಸಹಿ ಬೀಳ್ಬೇಕು. ಆ ಶಾಲೆಯಿಂದ ಇನ್ನೊಂದು ಬರೆಸ್ಕೊಂಡು ಬನ್ನಿ."

"ಆ ಶಾಲೆನೇ ಇಲ್ಲ ಸಾರ್. ಕಟ್ಟಡದ ನೆಲಮಾಳಿಗೆಲಿ ನಮ್ಮ ಮಕ್ಕಳಿಗೆ ಅಂತ ನಡೆಸ್ತಿದ್ರು. ಈಗ ಅಲ್ಲಿ ಕಾರು ನಿಲ್ಲಿಸ್ತಾರೆ. ನೆಲ ಹಾಕಿದ್ದೂ ನಾನೇ."

"ಹಾಗಾದ್ರೆ ಇದನ್ನ ಇಲ್ಲೇ ಬಿಟ್ಟು ಹೋಗಿ. ನಡೆಸ್ತಿದ್ದೋರಿಗೆ ಕಾಗದ ಬರೀತೀನಿ. ಎರಡು ತಿಂಗಳಾಗ್ಬಹುದು."

"ಎರಡು ತಿಂಗಳು ನನ್ ಮಗಳು ಸಿಮೆಂಟ್ ಮೂಟೆ ಕಾಯ್ತಾ ಕೂರ್ಬೇಕಾ? ಪ್ಲಾಸ್ಟಿಕ್ ತಾನೆ, ನಾಳೆನೇ ಬಿಡಿಸಿ ತರ್ತೀನಿ!"

"ಬೇಡ ಕಣಪ್ಪಾ, ಹಾಳಾಗುತ್ತೆ" ಎನ್ನುತ್ತಿದ್ದರೂ ಕೇಳದೆ ಕಿತ್ತುಕೊಂಡು ಬಂದ.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ಅಂಟು ಸಡಿಲವಾಗಲೆಂದು ಒಂದು ಟೈಲನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿದ. ಅದರ ಮೇಲೆ ಸರ್ಟಿಫಿಕೇಟು ಹಾಸಿ ಬ್ಲೇಡಿನಿಂದ ಅಂಚು ಎಬ್ಬಿಸತೊಡಗಿದ.

"ರೀ, ಅವರು ಬೇಡ ಅಂದ್ರಲ್ಲ, ಸುಮ್ನಿರಬಾರ್ದಾ?" ಹೆಂಡತಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಗೋಗರೆದಳು.

"ನೀನು ಸುಮ್ನಿರೆ. ಇದೇನು ನಂಗೆ ಹೊಸದಾ?"

ಒಂದು ಮೂಲೆ ನಾಜೂಕಾಗಿ ಎದ್ದು ಬಂತು. ಗಿಣಿ ಚಪ್ಪಾಳೆ ತಟ್ಟಿದಳು. ಹುರುಪಿನಲ್ಲಿ ಅವನು ಎಳೆದೇಬಿಟ್ಟ. ಚರ್ರಂತ ಬಂತು, ಅಯ್ಯೋ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕಾಗದದ ಮೇಲ್ಪದರವೇ ಬಂತು! ಮಗಳ ಹೆಸರು, ಹುಟ್ಟಿದ ದಿನ, ಕ್ಲಾಸು, ಶಾಲೆ ನಡೆಸುತ್ತಿದ್ದವರ ವಿಳಾಸ ಎಲ್ಲ ಬಿಸಿಗೆ ಮುರುಟಿ ಮುದುರಿಕೊಂಡವು. ಕೈಯಲ್ಲಿ ಉಳಿದದ್ದು ಬರೀ ಬಿಳೀ ಕಾಗದದ ಚಿಂದಿ.

ಮಾರನೆಯ ದಿನ ಗುಮಾಸ್ತರು ಬೈಯಲೂ ಇಲ್ಲ. "ಇದ್ರಲ್ಲಿ ಏನಿದೆ ಅಂತ ನಾನು ಯಾರಿಗೆ ಬರೀಲಿ? ಕಾಗದ ಇಲ್ದೋರನ್ನ ಮೂರನೇ ಕ್ಲಾಸಿಗಿಂತ ಮೇಲೆ ಸೇರಿಸ್ಕೊಳ್ಳೋ ಹಾಗಿಲ್ಲ" ಎಂದರು.

ದಾರಿಯುದ್ದಕ್ಕೂ ಗಿಣಿ ಅಪ್ಪನ ಹಿಂದೆ ಹಿಂದೆ ನಡೆದಳು. ಅವನಿಗೋ, ತನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕೆನ್ನುವಷ್ಟು ಸಂಕಟ. ಸೈಟಿನ ಗೇಟಿನ ಹತ್ತಿರ ಅವಳೇ ಅವನ ಬೆರಳು ಹಿಡಿದುಕೊಂಡಳು.

"ಮೂರನೇ ಕ್ಲಾಸಿನ ಪುಸ್ತಕ ನಂಗೆ ಪೂರ್ತಿ ಬಾಯಿಪಾಠ ಬರುತ್ತಪ್ಪ. ಮತ್ತೆ ಬೇಡ. ತಮ್ಮನ್ನ ನಾನು ನೋಡ್ಕೊತೀನಿ, ಅಮ್ಮ ಕೆಲಸಕ್ಕೆ ಬರ್ಲಿ."

ಮರುದಿನ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರು, ಮಗು ಗಿಣಿಯ ಸೊಂಟದ ಮೇಲಿತ್ತು.