ಟ್ಯಾಂಕಿನ ತಳದ ಚೆಂಡುಹೂವು

ಹೊಲದ ನಡುವೆ ಟ್ರ್ಯಾಕ್ಟರ್ ಮೂರನೇ ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ ನಿಂತಾಗ ಶೇಖವ್ವ ಕೆಳಗಿಳಿದು, ಸೆರಗು ಸಿಗಿಸಿಕೊಂಡು ಊರಿನತ್ತ ಹೊರಟಳು. ರೋಣದ ಮೆಕ್ಯಾನಿಕ್ ಇರ್ಫಾನನಿಗೆ ದಾರಿಯಲ್ಲೇ ಫೋನು ಮಾಡಿದಳು. ಕಾಲು ಓಡುತ್ತಿದ್ದುದು ಮಾತ್ರ ಭಾವ ಗುರುಸಂಗಪ್ಪನನ್ನು ಬೈಯಲಿಕ್ಕೆ.

ಅಸೂಟಿ ಊರಿನ ಆ ಟ್ರ್ಯಾಕ್ಟರಿಗೆ ಅಣ್ಣ-ತಮ್ಮಂದಿರ ಎರಡು ಮನೆಗಳ ಒಡೆತನ. ಗಂಡ ತೀರಿಕೊಂಡ ಮೇಲೂ ಶೇಖವ್ವ ತನ್ನ ಪಾಲು ಬಿಟ್ಟವಳಲ್ಲ. ಎಂಟು ದಿನ ಭಾವನ ಮನೆಗೆ, ಎಂಟು ದಿನ ಇವಳಿಗೆ. ಕೊಡುವಾಗ ಅರ್ಧ ಟ್ಯಾಂಕ್ ಡೀಸೆಲ್ ಇರಬೇಕು. ಟ್ಯಾಂಕಿನ ಮುಚ್ಚಳ ಕಳೆದು ವರ್ಷವಾಗಿತ್ತು. ಹೊಸದು ಯಾರು ತರಬೇಕೆಂಬ ಜಗಳ ಮುಗಿಯದೆ, ಅದರ ಬಾಯಿಗೆ ಅರಿವೆ ತುರುಕಿದ್ದರು. ಮೊನ್ನೆ ಮಹಾನವಮಿಯ ಆಯುಧಪೂಜೆ, ಟ್ರ್ಯಾಕ್ಟರಿನ ಖಂಡೆಪೂಜೆ, ಯಾರ ಅಂಗಳದಲ್ಲಿ ಎಂಬುದಕ್ಕೂ ಜಗಳ ಬಿದ್ದು, ಅದರಲ್ಲಿ ಇವಳೇ ಗೆದ್ದಿದ್ದಳು; ಟ್ರ್ಯಾಕ್ಟರ್ ಅಂದೇ ಭಾವನ ಮನೆಯಿಂದ ಇವಳ ಪಾಳಿಗೆ ಬಂದಿತ್ತು.

ಗುರುಸಂಗಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತಿದ್ದ.

"ಡೀಸೆಲ್‌ನ್ಯಾಗ ಏನ ಬೆರಿಸಿ ಕೊಟ್ಟೀರಿ ಭಾವಾರ? ಹೊಲದಾಗ ಹಸಿ ಇವತ್ತೊಂದ ದಿನಾ ಐತಿ. ನನ್ನ ಕಡ್ಲಿ ಬಿತ್ತಿಗಿ ಕೆಡ್ಲಿ ಅಂತ ಕಾಯ್ಕೊಂಡ ಕುಂತಿದ್ರಿ."

"ನಾಲಿಗಿ ಬಿಗಿಹಿಡಿ ಶೇಖವ್ವ. ನನ್ನ ತಮ್ಮನ ಹೊಲ ಅದು."

"ತಮ್ಮ ಹೋದ ಮ್ಯಾಲೆ ನಿಮಗ ಹೊಲಾ ಅಷ್ಟ ಕಾಣ್ತೈತಿ."

ಕಟ್ಟೆಯ ಮೇಲಿದ್ದವರು ತಲೆ ತಗ್ಗಿಸಿದರು. ಅವನ ಮುಖ ಕಪ್ಪಿಟ್ಟಿತು. ಅವಳಿಗೆ ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನಕ್ಕೆ ಬಂದ ಇರ್ಫಾನ ಟ್ಯಾಂಕಿನ ಡೀಸೆಲ್ಲನ್ನು ಬೋಗುಣಿಗೆ ಇಳಿಸಿದ. ಮೇಲೆ ಡೀಸೆಲ್, ಕೆಳಗೆ ನೀರು.

"ಡೀಸೆಲ್ ಪಂಪಿಗೂ ನೀರ ಹೊಕ್ಕೈತ್ರಿ ಅಕ್ಕಾರ. ಗಜೇಂದ್ರಗಡಕ್ಕ ಒಯ್ದು ಬಿಚ್ಚಿಸಬೇಕು. ಮೂರ ದಿನಾ ಬೇಕು."

"ನೀರ ಹಾಕ್ಯಾರ, ನಾ ಹೇಳ್ಲಿಲ್ಲ?" ಎಂದು ಶೇಖವ್ವ ಬಗ್ಗಿದಳು. ಬೋಗುಣಿಯ ತಳದಲ್ಲಿ ಕುಂಕುಮ ಹಚ್ಚಿದ ನಾಲ್ಕು ಅಕ್ಕಿಕಾಳು, ಒಂದು ಚೆಂಡುಹೂವಿನ ಎಸಳು.

ಪೂಜೆಯ ದಿನ ಟ್ಯಾಂಕಿನ ಬಾಯಿಯ ಆ ಹೊಲಸು ಅರಿವೆ ದೇವರ ಮುಂದೆ ಯಾಕೆಂದು ಕಿತ್ತೆಸೆದವಳು ಅವಳೇ. ಪೈಪು ಹಿಡಿದು ಟ್ರ್ಯಾಕ್ಟರನ್ನು ಮದುಮಗನ ಹಾಗೆ ಮೀಯಿಸಿದವಳೂ ಅವಳೇ. ಹೊಸ ಅರಿವೆ ತುರುಕಿದ್ದು ಆರತಿಯಾದ ಮೇಲೆ. ಇರ್ಫಾನ ಎಸಳು ನೋಡಿದ, ಅವಳನ್ನು ನೋಡಿದ, ನಟ್ಟು ಬಿಚ್ಚುವ ಪಾನಾ ಒರೆಸತೊಡಗಿದ. ಅವಳು ಎಸಳನ್ನು ಮುಷ್ಟಿಯೊಳಗೆ ಹಿಡಿದಳು.

ಅಷ್ಟರಲ್ಲಿ ಬದುವಿನ ಮೇಲೆ ಗುರುಸಂಗಪ್ಪ ಬಂದು ನಿಂತ. ಜೊತೆಗೆ ಜೋಡೆತ್ತು, ಬಿತ್ತುವ ಕೂರಿಗೆ, ಹಿಂದೆ ಕಟ್ಟೆಯ ಅದೇ ನಾಲ್ಕು ಜನ. ಆ ಓಣಿಯಲ್ಲಿ ಎತ್ತು ಉಳಿದಿದ್ದುದು ಅವನ ಮನೆಯಲ್ಲಿ ಮಾತ್ರ.

"ಹೊತ್ತ ಮುಣಗೂದ್ರಾಗ ಬಿತ್ತಿ ಕೊಡ್ತೇನಿ," ಎಂದ. ದನಿಯಲ್ಲಿ ಕರುಣೆ ಏನೂ ಇರಲಿಲ್ಲ. "ಭಾವ ಏನೂ ಬೆರಿಸಿಲ್ಲ ಅಂತ ಇವರ ಮುಂದ ಒಂದ ಮಾತ ಅನ್ನು. ನನಗ ಅಷ್ಟ ಸಾಕು."

ಒಂದು ಮಾತು. ಹೇಳಿದರೆ ಮೂರು ಎಕರೆ ಕಡಲೆ. ಆದರೆ ಹೇಳಿದ ಮೇಲೆ ಈ ಮನುಷ್ಯನ ಎದುರು ಬಾಳಿನುದ್ದಕ್ಕೂ ತಲೆ ತಗ್ಗಿಸಿ ನಡೆಯಬೇಕಲ್ಲ ಎಂದು ಅವಳ ಮೈ ಉರಿಯಿತು.

"ಟ್ಯಾಂಕ್‌ನ್ಯಾಗಿನ ನೀರ ನಿಮ್ಮದ," ಎಂದಳು.

ಗುರುಸಂಗಪ್ಪ ಎತ್ತು ತಿರುಗಿಸಿದ. ಇರ್ಫಾನನೂ ಅವಳ ಮುಖ ನೋಡದೆ ಪಂಪು ಬಿಚ್ಚಿಕೊಂಡು ಬೈಕು ಹತ್ತಿದ. ಎಲ್ಲರೂ ಹೋದ ಮೇಲೆ ಶೇಖವ್ವ ಮುಷ್ಟಿ ಬಿಚ್ಚಿದಳು. ಎಸಳು ಇನ್ನೂ ಒದ್ದೆಯಾಗಿತ್ತು. ಮರುದಿನ ಮಧ್ಯಾಹ್ನಕ್ಕೆ ಹಸಿ ಆರಿ, ಬಿತ್ತದ ಹೊಲ ಬಿರುಕು ಬಿಟ್ಟಿತು.