ನಿಲ್ಲದ ಸುತ್ತಿಗೆ

ಅಪ್ಪನನ್ನು ನನ್ನ ಮನೆಗೆ ಕರೆದುಕೊಂಡು ಹೋಗುವುದಿಲ್ಲ ಎಂದು ಅಕ್ಕನಿಗೆ ಖಡಾಖಂಡಿತವಾಗಿ ಹೇಳಿಬಿಡಬೇಕೆಂದೇ ಅವತ್ತು ಹೋಗಿದ್ದೆ. ಅವಳಿಗೆ ಮಂಡಿನೋವು. ಅವನನ್ನು ಹಿಡಿದು ಬಚ್ಚಲಿಗೆ ನಡೆಸುವುದೂ ಅವಳ ಕೈಲಾಗುತ್ತಿರಲಿಲ್ಲ. ಅದೆಲ್ಲ ಗೊತ್ತಿದ್ದೂ ನನ್ನ ಮನಸ್ಸು ಕಲ್ಲಾಗಿತ್ತು.

ಕಾರಣ ಒಂದೇ. ಅಮ್ಮ ಸತ್ತ ದಿನ ಅಪ್ಪ ಪೆಟ್ಟಿಗೆ ಹೊಡೆಯುತ್ತಿದ್ದ.

ಹಣ್ಣು ತುಂಬುವ ಮರದ ಪೆಟ್ಟಿಗೆ ಮಾಡುವುದು ಅಪ್ಪನ ಕಸುಬು. ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಂದು ಹಲಗೆಗೆ ಹೊಡೆಯುತ್ತಿದ್ದ. ಕೆಲಸಕ್ಕೆ ಕೂತರೆ ಮಾತಿಲ್ಲ. ನಾವು ಏನಾದರೂ ಕೇಳಿದಾಗ ತಲೆಯಾಡಿಸಿದರೆ ಹೂಂ, ಹುಬ್ಬು ಗಂಟಿಕ್ಕಿದರೆ ಉಹೂಂ.

ಆ ಮಧ್ಯಾಹ್ನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಬೆಳಿಗ್ಗೆಯಷ್ಟೇ ಅವಳು ಗೋಡೆಗೆ ಬಳಿದ ಸುಣ್ಣ ಕಾಲಿನ ಹೆಬ್ಬೆರಳಿಗೆ ಇನ್ನೂ ಅಂಟಿತ್ತು. ಹೆಂಗಸರ ಅಳುವನ್ನೂ ಮೀರಿ ಹಿತ್ತಲ ಶೆಡ್ಡಿನಿಂದ ಟಕ್ ಟಕ್ ಸದ್ದು. ಹೋಗಿ ಬಾಗಿಲು ಬಡಿದೆ. "ಅಪ್ಪಾ, ಬಾ" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ಸುತ್ತಿಗೆ ನಿಲ್ಲಲಿಲ್ಲ. ಅವತ್ತೇ ನನ್ನ ಪಾಲಿಗೆ ಅವನೂ ಸತ್ತ.

"ಹೆಂಡ್ತಿಗಿಂತ ಕಸುಬೇ ಹೆಚ್ಚಾಯ್ತು ಆ ಮನುಷ್ಯನಿಗೆ. ಈಗ ನಾನ್ಯಾಕೆ ನೋಡ್ಕೋಬೇಕು?" ಎಂದೆ ಅಕ್ಕನಿಗೆ.

ಅಕ್ಕ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. "ಅವತ್ತು ನೀನು ಶೆಡ್ಡಿನ ಹೊರಗಿದ್ದೆ ಕಣೋ. ನಾನು ಅವನ ಹಿಂದೇನೇ ಒಳಗೆ ಹೋಗಿದ್ದೆ."

"ಹೋದ್ರೆ?"

"ಪೆಟ್ಟಿಗೆ ಎಲ್ಲಿತ್ತೋ ಅಲ್ಲಿ? ಒಂದೇ ಒಂದು ಹಲಗೆ. ಅದಕ್ಕೇ ಮೊಳೆ ಹೊಡೀತಿದ್ದ, ಕೀಳ್ತಿದ್ದ, ಮತ್ತೆ ಅಲ್ಲೇ ಹೊಡೀತಿದ್ದ. ಬಾಯ್ತುಂಬ ಮೊಳೆ ಕಚ್ಕೊಂಡು, ಗಲ್ಲದ ಮೇಲೆಲ್ಲ ರಕ್ತ. ಉಗುಳಪ್ಪಾ ಅಂತ ಕೈ ಒಡ್ಡಿದೆ. ಉಗುಳ್ಲಿಲ್ಲ. ನೀನು ಕೂಗ್ದಾಗ ಬಾಗಿಲು ತೆಗೀಲಾ ಅಂದೆ. ಹುಬ್ಬು ಗಂಟಿಕ್ಕಿದ. ಆ ಮುಖ ನಿನಗೆ ತೋರಿಸೋ ಹಾಗಿರ್ಲಿಲ್ಲ ಕಣೋ."

ಸಿಟ್ಟು ನೆತ್ತಿಗೇರಿತು. "ಇಷ್ಟು ವರ್ಷ ಏನೇ ಮಾಡ್ತಿದ್ದೆ? ಹೇಳೋಕೆ ಏನಾಗಿತ್ತು ನಿನಗೆ?"

"ಅಪ್ಪನ ಸುದ್ದಿ ಎತ್ತಿದ್ರೆ ಸಾಕು, ನೀನು ಎದ್ದು ಚಪ್ಪಲಿ ಮೆಟ್ಕೊಂಡು ಹೋಗ್ತಿದ್ದೆ. ನಿನ್ನ ಬೆನ್ನಿಗೆ ಹೇಳ್ಲಾ?"

ಆ ಸುತ್ತಿಗೆಯ ಸದ್ದನ್ನು ಇಷ್ಟು ಕಾಲ ಕಿವಿಯಲ್ಲಿಟ್ಟುಕೊಂಡು ಬದುಕಿದವನು ನಾನು. ಅದರ ಪಕ್ಕದಲ್ಲಿ ಆ ರಕ್ತದ ಗಲ್ಲವನ್ನು ಇಟ್ಟು ನೋಡಿದೆ. ಹೊಂದಲಿಲ್ಲ. ಸಿಟ್ಟು ಪೂರ್ತಿ ಇಳಿಯಲೂ ಇಲ್ಲ. ಆದರೆ ಆಗುವುದಿಲ್ಲ ಎನ್ನಲು ನಾಲಗೆಯೇ ಏಳಲಿಲ್ಲ.

ಒಳಕೋಣೆಗೆ ಹೋದೆ. ಅಪ್ಪ ಮಂಚದ ಅಂಚಿನಲ್ಲಿ, ಬಸ್ಸಿಗೆ ಕಾಯುವವನ ಹಾಗೆ ಕೂತಿದ್ದ.

"ಏಳು. ನಮ್ಮನೆಗೆ ಹೋಗೋಣ."

ನನ್ನ ಮುಖವನ್ನೇ ನೋಡಿದ. "ನಿಮ್ಮನೇಲಿ ಮೆಟ್ಲು ಜಾಸ್ತಿ ಅಲ್ವೇನೋ?"

"ಜಾಸ್ತೀನೇ. ಬೈಕೊಂಡೇ ಹತ್ತಿಸ್ತೀನಿ. ಕೈ ಕೊಡು."

ಕೊಟ್ಟ. ಇಷ್ಟು ಹಗುರವಾಗಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅಕ್ಕ ಒಳಗೆ ಬಂದು ಅವನ ಬಟ್ಟೆ ಮಡಚತೊಡಗಿದಳು.