ಯಾರೂ ಕರೆಯದ ಲೈಬ್ರರಿ

"ನಿನ್ನ ಲೈಬ್ರರಿನ ಯಾವ ಪ್ರೋಗ್ರಾಮೂ ಕರೀತಿಲ್ಲ ಕಣೋ ರೇಯ್ಮಾ," ಎಂದ ಇಲ್ಮೊ ಫೋನಿನಲ್ಲಿ. "ಈ ಸಲದ ಬಿಡುಗಡೇಲಿ ತೆಗೆದುಹಾಕ್ಲಾ?"

ಯಾರನ್ನೂ ಕೇಳದೆ ಬಳಸಬಹುದಾದ ಬಿಟ್ಟಿ ತಂತ್ರಾಂಶ ಹಂಚುವ ನಮ್ಮ ಗುಂಪಿನಲ್ಲಿ ಇಲ್ಮೊ ಕಸ ಗುಡಿಸುವವನು. ಪ್ರತಿ ಬಿಡುಗಡೆಗೆ ಮುಂಚೆ, ಯಾರಿಗೂ ಬೇಡವಾದದ್ದನ್ನು ಹುಡುಕಿ ಹೊರಹಾಕುವುದು ನಮ್ಮ ಪದ್ಧತಿ.

"ತೆಗಿ. ನನ್ನ ಗಂಟೇನು ಹೋಗ್ಬೇಕು?" ಎಂದೆ. ಅದು ಬರೀ ಬಾಯಿಮಾತು. ದ್ವೀಪಗಳ ನಡುವೆ ಸಮುದ್ರದ ನೀರು ಎಷ್ಟು ಆಳವಿದೆ ಎಂದು ಬೇರೆ ಪ್ರೋಗ್ರಾಮುಗಳಿಗೆ ಲೆಕ್ಕ ಹಾಕಿಕೊಡುವ ಆ ಕೋಡನ್ನು, ಅಂದರೆ ಆ ಲೈಬ್ರರಿಯನ್ನು, ಬರೆದವನು ನಾನೊಬ್ಬನೇ, ಸಾಕಿದವನೂ ನಾನೊಬ್ಬನೇ. ಹೆಂಡತಿಯಿಲ್ಲ, ಮಕ್ಕಳಿಲ್ಲ, ತುರ್ಕು ಊರಿನ ಈ ಮನೆಯಲ್ಲಿ ಕಾಫಿ ಮಾಡಿದರೆ ಒಂದೇ ಲೋಟ. ಎಲ್ಲೋ ಯಾರಿಗೋ ನನ್ನಿಂದ ಉಪಯೋಗವಿದೆ ಅನ್ನುವುದೊಂದೇ ಸಮಾಧಾನವಾಗಿತ್ತು. ಅದೂ ಹೋಯಿತು.

ಮರುವಾರ ಇನ್ನೊಂದು ಫೋನ್.

"ನಾನು ಗುನ್ವೋರ್, ದ್ವೀಪಗಳಿಗೆ ಜನರನ್ನ ದಾಟಿಸೋ ಫೆರಿ ಕಂಪನಿಯವಳು. ನಿಮ್ಮ ಲೈಬ್ರರಿ ಎಲ್ರೀ ಹೋಯ್ತು? ಹೊಸ ದೋಣಿಗೆ ಪ್ರೋಗ್ರಾಮ್ ಕಟ್ಟೋಕೆ ಕೂತ್ರೆ ಲೈಬ್ರರಿ ಸಿಕ್ತಿಲ್ಲ ಅಂತಿದೆ ಲಿಂಕರ್."

"ನೀವು ಬಳಸ್ತೀರಾ?"

"ಎಲ್ಲಾ ದೋಣೀಲೂ ಅದೇ ಇರೋದು!"

ಥೂ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಪ್ರೋಗ್ರಾಮ್ ಕಟ್ಟುವಾಗ ಲೈಬ್ರರಿಯ ಎರಡೂ ರೂಪ, ಎಲ್ಲರೂ ಹಂಚಿಕೊಳ್ಳುವುದು ಮತ್ತು ಒಳಗೇ ಸೇರಿಸುವುದು, ಎದುರಿಗಿದ್ದರೆ ತುಂಡುಗಳನ್ನು ಜೋಡಿಸುವ ಲಿಂಕರ್ ಹಂಚಿಕೊಳ್ಳುವ ರೂಪವನ್ನೇ ಆರಿಸುತ್ತದೆ. ಅಂಥ ಪ್ರೋಗ್ರಾಮು ಓಡುವಾಗಲೆಲ್ಲ ಲೈಬ್ರರಿಯನ್ನು ಹೆಸರು ಹಿಡಿದು ಕರೆಯುತ್ತದೆ. 'ಬೇಡ, ಒಳಗೇ ಸೇರಿಸು' ಎಂದು ಗದರಿಸಿ ಹೇಳಿದರೆ ಮಾತ್ರ ಒಂದು ಪ್ರತಿಯನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಇಟ್ಟುಬಿಡುತ್ತದೆ. ಆಮೇಲೆ ಕರೆಯುವ ಮಾತೇ ಇಲ್ಲ. ಫೆರಿಯವರು ಮಾಡಿದ್ದೂ ಇದನ್ನೇ. ಇಲ್ಮೊ ಎಣಿಸಿದ್ದು ಕರೆಯುವವರನ್ನು ಮಾತ್ರ, ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದೆ.

"ಇಷ್ಟು ವರ್ಷದಲ್ಲಿ ನನಗೊಂದು ಸಾಲು ಬರೀಬಾರ್ದಿತ್ತೇನ್ರೀ?"

"ಸರಿಯಾಗಿ ನಡೀತಿದ್ರೆ ಯಾರ್ರೀ ಬರೀತಾರೆ? ಇರ್ಲಿ ಬಿಡಿ, ಹಳೇ ಪ್ರತಿ ನಮ್ಹತ್ರ ಇದೆ, ಅದನ್ನೇ ಹಾಕ್ಕೋತೀವಿ. ತಿಳಿಸೋಣ ಅಂತ ಫೋನ್ ಮಾಡ್ದೆ ಅಷ್ಟೆ."

ಫೋನ್ ಇಟ್ಟುಬಿಡುತ್ತಾಳೆ ಅನ್ನಿಸಿ ಗಾಬರಿಯಾಯಿತು. "ಹಳೇದ್ರಲ್ಲಿ ತಪ್ಪಿದೆ! ನೀರು ತೀರಾ ಇಳಿದಾಗ ಒಂದು ಗೇಣು ಜಾಸ್ತಿ ತೋರಿಸತ್ತೆ. ಆಮೇಲೆ ಸರಿ ಮಾಡಿದೆ, ನಿಮಗದು ತಲುಪಿಲ್ಲ. ನಾನೇ ಬಂದು..." ನನ್ನ ತಪ್ಪಿನ ಬಗ್ಗೆ ಅಷ್ಟು ಖುಷಿಯಿಂದ ನಾನು ಎಂದೂ ಮಾತಾಡಿರಲಿಲ್ಲ.

ಆಕೆ ಜೋರಾಗಿ ನಕ್ಕಳು. "ಓಹೋ, ಅದಕ್ಕೇನಾ! ನಮ್ಮ ಕ್ಯಾಪ್ಟನ್‌ಗಳೆಲ್ಲ ನೀರು ಇಳಿದಾಗ ಒಂದು ಗೇಣು ಕಳೆದೇ ನೋಡ್ತಾರೆ. ಹೊಸಬ್ರಿಗೂ ಮೊದಲ ದಿನವೇ ಹೇಳ್ಕೊಡ್ತಾರೆ. ಈಗ ಸರಿ ಮಾಡಿದ್ರೆ ಎರಡೆರಡು ಸಲ ಕಳೆದು, ದೋಣಿ ಬಿಡೋಕೇ ಹೆದರ್ತಾರೆ. ಮುಟ್ಟಬೇಡಿ ಮಾರಾಯ್ರೆ!"

"ಹಾಗಾದ್ರೆ ನಾನು ಬರೋದು ಬೇಡ್ವಾ?"

"ಬಂದು ಏನ್ಮಾಡ್ತೀರಿ?"

"ಏನಿಲ್ಲ. ಸುಮ್ನೆ ನೋಡೋಕೆ."

"ಬನ್ನಿ, ಅದಕ್ಕೇನಂತೆ," ಎಂದಳು ಮೆತ್ತಗೆ. "ಫೆರಿ ಹತ್ತೋಕೆ ಯಾರನ್ನೂ ಕೇಳ್ಬೇಕಾಗಿಲ್ಲ. ಎಲ್ರಿಗೂ ಬಿಟ್ಟಿ."